ಬೀಗದ ಕೈ ಯಾರ ಹತ್ತಿರ?

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುವ ಆ ರಸ್ತೆ ಹಿಡಿದವರ ಕಣ್ಣಿಗೆ ಹಳೇ ಹೆದ್ದಾರಿಯ ಬದಿಯ ಬೊಂಬೆ ಅಂಗಡಿಗಳು ಬೀಳುವುದೇ ಇಲ್ಲ. ಮೈಸೂರಿಗೆ ಹೊರಟ ಸಂಸಾರ ಕಾಫಿಗೆಂದು ಕಾರು ನಿಲ್ಲಿಸಿ, ಮಗು ಹಟ ಹಿಡಿದು, ಒಂದು ಬುಗುರಿಯೋ ಮರದ ರೈಲೋ ಕೊಂಡು ಮುಂದೆ ಹೋಗುತ್ತಿದ್ದ ವ್ಯಾಪಾರಕ್ಕೆ ಅಲ್ಲಿಂದ ಪೆಟ್ಟು ಬಿತ್ತು. ಪೆಟ್ಟು ಬಿದ್ದಲ್ಲಿಗೆ ಸಲಹೆಯೂ ಬಂತು: ರಸ್ತೆ ಹೋದರೆ ಹೋಗಲಿ, ಒಂದು ವೆಬ್‌ಸೈಟ್ ಮಾಡಿಸಿಕೊಳ್ಳಿ. ಇದೇ ಮಾತು ಈಗ ಮಾಗಡಿಯ ಬಟ್ಟೆ ಅಂಗಡಿಗೂ, ಕನಕಪುರದ ರೇಷ್ಮೆ ನೇಯ್ಗೆಯವರಿಗೂ, ಮರಳವಾಡಿಯ ಮಾವಿನ ತೋಟದವರಿಗೂ ಸಿಗುವ ಸಿದ್ಧ ಔಷಧಿ. ತರಬೇತಿ ಶಿಬಿರಗಳು ಇದನ್ನೇ ಹೇಳುತ್ತವೆ, ಮನೆಯ ಎಂಜಿನಿಯರಿಂಗ್ ಹುಡುಗನೂ ಇದನ್ನೇ ಹೇಳುತ್ತಾನೆ. ಈ ಸಲಹೆಯಲ್ಲಿ ನನಗೆ ಗೊಂದಲ ಕಾಣುತ್ತದೆ. ಆದರೆ ಅದನ್ನು ಬಿಚ್ಚುವ ಮೊದಲು ಅದರ ಪರವಾಗಿ ಹೇಳಬೇಕಾದ್ದನ್ನು ನ್ಯಾಯವಾಗಿ ಹೇಳಬೇಕು.

ಸಲಹೆಯ ಒಳಗಿರುವ ವಾದ ಹೀಗಿದೆ. ಸಣ್ಣ ವ್ಯಾಪಾರಿಯ ಗಿರಾಕಿ ಈಗ ರಸ್ತೆಯಲ್ಲಿಲ್ಲ, ಫೋನಿನಲ್ಲಿದ್ದಾನೆ. ಲೇತಿನ ಮುಂದೆ ಕೂತು ಆಲೆ ಮರ ಕಡೆದು, ಅರಗಿನ ಬಣ್ಣ ಹಿಡಿಸುವವನಿಗೂ ಬೆಂಗಳೂರಿನ ಕೊಳ್ಳುಗನಿಗೂ ನಡುವೆ ಇಬ್ಬರು ಮೂವರು ಮಧ್ಯವರ್ತಿಗಳಿದ್ದು, ಲಾಭದ ಕೆನೆ ಅವರ ಪಾಲಾಗುತ್ತದೆ. ವೆಬ್‌ಸೈಟ್ ಅಗ್ಗ, ಒಮ್ಮೆ ಕಟ್ಟಿಸಿದರೆ ಹಗಲೂ ರಾತ್ರಿ ತೆರೆದಿರುವ ಅಂಗಡಿ, ಬಾಡಿಗೆಯಿಲ್ಲ, ಬಾಗಿಲೆಳೆಯುವ ಕೆಲಸವಿಲ್ಲ. ಆದ್ದರಿಂದ ಮಾಡಿಸಿಕೊಂಡವನು ಉಳಿದುಕೊಳ್ಳುತ್ತಾನೆ, ಮಾಡಿಸಿಕೊಳ್ಳದವನು ಹಿಂದೆ ಬೀಳುತ್ತಾನೆ. ಇದರಲ್ಲಿ ಪೂರ್ತಿ ಸುಳ್ಳು ಎನ್ನಬಹುದಾದ ವಾಕ್ಯ ಒಂದೂ ಇಲ್ಲ. 2005–06ರಲ್ಲೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಚನ್ನಪಟ್ಟಣದ ಬೊಂಬೆಯನ್ನು ಹೆಸರು ಹಿಡಿದು ಹುಡುಕುವವರು ದೇಶದಲ್ಲೂ ಹೊರಗೂ ಇದ್ದಾರೆ. ವೆಬ್‌ಸೈಟಿನಿಂದ ಬದುಕು ಕಟ್ಟಿಕೊಂಡವರೂ ಇದ್ದಾರೆ. ಬಿಡಿ ಮಾತುಗಳು ಸರಿ. ಅವನ್ನು ಒಂದಕ್ಕೊಂದು ಪೋಣಿಸಿರುವ ದಾರ ಪೊಳ್ಳು.

ಮೊದಲ ಗಂಟು ‘ಅಂಗಡಿ’ ಎಂಬ ಹೋಲಿಕೆಯಲ್ಲೇ ಇದೆ. ಹೆದ್ದಾರಿ ಬದಿಯ ಅಂಗಡಿಗೆ ಗಿರಾಕಿಯನ್ನು ತಂದುಕೊಡುತ್ತಿದ್ದದ್ದು ಅಂಗಡಿಯಲ್ಲ, ಹೆದ್ದಾರಿ. ಅಲ್ಲಿ ಕೊಂಡವರಲ್ಲಿ ಹೆಚ್ಚಿನವರು ಬೊಂಬೆ ಕೊಳ್ಳಲು ಮನೆ ಬಿಟ್ಟವರಲ್ಲ. ಬೇರೆಲ್ಲಿಗೋ ಹೊರಟವರು ದಾರಿಯಲ್ಲಿ ನೋಡಿ, ಮುಟ್ಟಿ, ಆಸೆಪಟ್ಟು ಕೊಂಡವರು. ವೆಬ್‌ಸೈಟಿನ ಮುಂದೆ ಇಂಥ ದಾರಿಹೋಕರಿಲ್ಲ. ಅದನ್ನು ಓಣಿಯ ಕೊನೆಯ ಮನೆಗೆ ಹೋಲಿಸಬೇಕು. ವಿಳಾಸ ಗೊತ್ತಿದ್ದವರು ಬರುತ್ತಾರೆ, ಗೊತ್ತಿಲ್ಲದವರಿಗೆ ಅಂಥದ್ದೊಂದು ಮನೆ ಇದೆಯೆಂಬುದೇ ತಿಳಿಯದು. ಹಾಗಾಗಿ ‘ರಸ್ತೆ ಹೋಯಿತು, ವೆಬ್‌ಸೈಟ್ ಮಾಡಿಸಿ’ ಎನ್ನುವಾಗ ಹೋದದ್ದು ಒಂದು, ಅದರ ಬದಲಿಗೆ ಕೊಡುತ್ತಿರುವುದು ಇನ್ನೊಂದು. ಹೋದದ್ದು ಜನರ ಓಡಾಟ, ಕೊಡುತ್ತಿರುವುದು ಒಂದು ವಿಳಾಸ. ಅಂತರ್ಜಾಲದಲ್ಲಿ ಓಡಾಟ ಇರುವ ರಸ್ತೆಗಳು ಬೇರೆಯವರ ಸ್ವತ್ತು: ಗೂಗಲ್ ಹುಡುಕಾಟ, ಇನ್‌ಸ್ಟಾಗ್ರಾಮ್, ಅಮೆಜಾನ್. ಅವುಗಳ ಬದಿಯಲ್ಲಿ ನಿಲ್ಲಬೇಕೆಂದರೆ ಜಾಹೀರಾತಿನ ಹಣವೋ ಕಮಿಷನ್ನೋ ದಿನಾ ಫೋಟೊ ಹಾಕುವ ದುಡಿಮೆಯೋ ಸುಂಕವಾಗಿ ಬೀಳುತ್ತದೆ. ಎಕ್ಸ್‌ಪ್ರೆಸ್‌ವೇಯ ಟೋಲಿಗೆ ಗೊಣಗುವ ನಾವು ಈ ಟೋಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡನೆಯದು ಮಧ್ಯವರ್ತಿಯ ಪ್ರಶ್ನೆ. ಮಧ್ಯವರ್ತಿಯನ್ನು ಬೈಯುವುದು ಸುಲಭ, ಅವನು ಮಾಡುವ ಕೆಲಸದ ಪಟ್ಟಿ ಬರೆಯುವುದು ಕಷ್ಟ. ಸಗಟು ವ್ಯಾಪಾರಿ ಹತ್ತು ಮನೆಗಳಿಂದ ಸರಕು ಒಟ್ಟು ಮಾಡುತ್ತಾನೆ; ಒಡಕು, ಬಣ್ಣ ಹಾರಿದ್ದನ್ನು ಆರಿಸಿ ತೆಗೆಯುತ್ತಾನೆ; ಮಳೆಗಾಲದಲ್ಲಿ ಮುಂಗಡ ಕೊಡುತ್ತಾನೆ; ಅಂಗಡಿಗಳಿಗೆ ಉದ್ರಿ ಕೊಟ್ಟು ವಸೂಲಿಗೆ ಅಲೆಯುತ್ತಾನೆ; ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತಾಡುತ್ತಾನೆ; ವಾಪಸ್ ಬಂದ ಮಾಲನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಅವನು ಇದಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಕೀಳುತ್ತಿರಬಹುದು, ಎಷ್ಟೋ ಕಡೆ ಕೀಳುತ್ತಾನೆ ಕೂಡ. ಆದರೆ ಅವನನ್ನು ತೆಗೆದ ದಿನ ಅವನ ಕೆಲಸ ಮಾಯವಾಗುವುದಿಲ್ಲ, ಕುಶಲಕರ್ಮಿಯ ಹೆಂಡತಿಯ ಹೆಗಲಿಗೋ ಮಗನ ಹೆಗಲಿಗೋ ಜಾರುತ್ತದೆ.

ಒಂದು ಲೆಕ್ಕ ಹಾಕೋಣ. ಅಂಕಿ ನನ್ನ ಊಹೆಯದು. ಓದುವವರು ತಮ್ಮ ಅಂಕಿ ಹಾಕಿಕೊಳ್ಳಬಹುದು. ಅಂಗಡಿಯಲ್ಲಿ 200 ರೂಪಾಯಿಗೆ ಮಾರುವ ಮರದ ಗಿಲಕಿಗೆ ಸಗಟಿನವನು 110 ಕೊಡುತ್ತಾನೆ ಎಂದಿಟ್ಟುಕೊಳ್ಳಿ. ನೀವೇ ವೆಬ್‌ಸೈಟಿನಲ್ಲಿ 200ಕ್ಕೆ ಮಾರಿದಿರಿ. ಡಬ್ಬ, ಸುತ್ತುವ ಕಾಗದಕ್ಕೆ 20, ಕೊರಿಯರ್‌ಗೆ 70, ಹಣ ಪಾವತಿಯ ಸಂಸ್ಥೆಗೆ ಶೇ 2, ಅದರ ಮೇಲೆ ತೆರಿಗೆ, ಒಟ್ಟು ಸುಮಾರು 5. ಉಳಿದದ್ದು 105. ಸಗಟಿನವನನ್ನು ಬಿಟ್ಟು ನೀವು ಗಳಿಸಿದ್ದು ಐದು ರೂಪಾಯಿ ನಷ್ಟ, ಜೊತೆಗೆ ಪೊಟ್ಟಣ ಕಟ್ಟುವ ಅರ್ಧ ಗಂಟೆ. ಈಗ ಅದೇ ಗಿರಾಕಿ 2000 ರೂಪಾಯಿಯ ಹತ್ತು ಆಟಿಕೆ ಒಟ್ಟಿಗೆ ತರಿಸಿದ ಎನ್ನಿ. ಡಬ್ಬಕ್ಕೆ 60, ಕೊರಿಯರ್‌ಗೆ 250, ಪಾವತಿಗೆ 47 ಕಳೆದರೆ 1643 ಕೈಗೆ ಬರುತ್ತದೆ. ಸಗಟಿನಲ್ಲಿ ಬರುತ್ತಿದ್ದದ್ದು 1100. ಅಂದರೆ ಲಾಭ ನಷ್ಟ ತೀರ್ಮಾನವಾಗುವುದು ಒಂದೊಂದು ಆರ್ಡರಿನ ಗಾತ್ರದಲ್ಲಿ. ಬಿಡಿ ಮಾರಾಟಕ್ಕೆ ಹೊರೆಯಾಗುವ ವೆಬ್‌ಸೈಟೇ ಶಾಲೆಗೆ, ಮದುವೆಯ ಉಡುಗೊರೆಗೆ, ಕಂಪನಿಯ ದೀಪಾವಳಿ ಪೊಟ್ಟಣಕ್ಕೆ ಹೋಗುವ ಸರಕಿಗೆ ಲಾಭ ತರಬಹುದು. ಕೊರಿಯರ್‌ನ ಇನ್ನೊಂದು ಕುಹಕವನ್ನೂ ಹೇಳಿಬಿಡುತ್ತೇನೆ. ಅವರು ತೂಕ ಹಾಗೂ ಗಾತ್ರ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಮೂವತ್ತು ಸೆಂಟಿಮೀಟರ್ ಚೌಕದ ಡಬ್ಬ ಒಳಗೆ ಹತ್ತಿಯೇ ಇರಲಿ 5.4 ಕಿಲೊ! ಆಲೆ ಮರ ಎಷ್ಟು ಹಗುರವಾದರೂ ಈ ಲೆಕ್ಕದಲ್ಲಿ ಕಲ್ಲಿನಷ್ಟೇ ಭಾರ. ಯಾವ ಆಟಿಕೆಯನ್ನು ಯಾವ ಡಬ್ಬದಲ್ಲಿ ಕಳಿಸಬೇಕೆಂಬ ತಿಳಿವಳಿಕೆ ವೆಬ್‌ಸೈಟಿನ ಬಣ್ಣ, ವಿನ್ಯಾಸಕ್ಕಿಂತ ಹೆಚ್ಚು ಹಣ ಉಳಿಸುತ್ತದೆ. ಆದರೆ ‘ವೆಬ್‌ಸೈಟ್ ತರಬೇತಿ’ ಎಂದರೆ ಡಬ್ಬ ಯಾರಿಗೂ ನೆನಪಾಗುವುದಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರಬಹುದು. ಇದೇ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಇ-ಹರಾಜು ಬಂದಿಲ್ಲವೇ? ಕೂಗಿ ಹರಾಜು ಹಾಕುತ್ತಿದ್ದ ಜಾಗದಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಮೊಬೈಲಿನಲ್ಲಿ ಬೆಲೆ ಒತ್ತುತ್ತಾರೆ. ರಾಜ್ಯದ ಮಾವು ಅಭಿವೃದ್ಧಿ ನಿಗಮವೂ ಜಾಲತಾಣದ ಮೂಲಕ ಆರ್ಡರ್ ಪಡೆದು, ಅಂಚೆ ಇಲಾಖೆಯ ಕೈಯಲ್ಲಿ ರೈತರ ಹಣ್ಣನ್ನು ಬೆಂಗಳೂರಿನ ಮನೆಗಳಿಗೆ ಮುಟ್ಟಿಸಿಲ್ಲವೇ? ತಂತ್ರಜ್ಞಾನ ನಡುವಿನವರನ್ನು ಸರಿಸಿದ್ದಕ್ಕೆ ಇವೇ ಸಾಕ್ಷಿಯಲ್ಲವೇ? ಸಾಕ್ಷಿ ನಿಜ, ಆದರೆ ಅವು ಹೇಳುವುದು ಬೇರೆ. ಗೂಡಿನ ಮಾರುಕಟ್ಟೆಯಲ್ಲಿ ಪರದೆಯ ಹಿಂದೆ ಒಂದು ಕಟ್ಟಡವಿದೆ, ತಕ್ಕಡಿಯಿದೆ, ಲಾಟ್ ನಂಬರ್ ಇದೆ, ರೇಷ್ಮೆ ಇಲಾಖೆಯ ಸಿಬ್ಬಂದಿ ಇದ್ದಾರೆ. ಎಲ್ಲದರ ಕೆಳಗೆ ಗೂಡಿನ ವಹಿವಾಟನ್ನು ನಿಯಂತ್ರಿಸುವ 1959ರ ಕಾಯ್ದೆಯಿದೆ. ಗೂಡನ್ನು ಮುಟ್ಟಿ, ಹಿಚುಕಿ, ಕುಲುಕಿ ನೋಡಿದ ಮೇಲೆಯೇ ರೀಲರ್ ಬೆಲೆ ಒತ್ತುವುದು. ಮಾವಿನಲ್ಲೂ ಡಬ್ಬದ ಅಳತೆ, ಸಾಗಣೆ, ಹಣ ಸಂದಾಯದ ಹೊಣೆ ಸಂಸ್ಥೆಗಳ ಮೇಲಿತ್ತು. ನಂಬಿಕೆ ಮೊದಲೇ ಕಟ್ಟಿಯಾಗಿತ್ತು, ಪರದೆ ಆಮೇಲೆ ಬಂತು. ಮರಳವಾಡಿಯ ತೋಟದವನೊಬ್ಬ ಒಂಟಿಯಾಗಿ ಕಟ್ಟಿಸಿದ ವೆಬ್‌ಸೈಟಿಗೆ ಈ ಅಡಿಪಾಯವಿಲ್ಲ. ಅದನ್ನೂ ಅವನೇ ಹಾಕಬೇಕು. ನಿಜವಾದ ಫೋಟೊ, ಬರೆದ ಬೆಲೆ, ಸಾಗಣೆಯ ದಿನ, ಹಣ್ಣು ಕೆಟ್ಟು ತಲುಪಿದರೆ ಏನು ಮಾಡುತ್ತೇನೆಂಬ ಖಚಿತ ಮಾತು, ಫೋನ್ ಎತ್ತುವ ಒಬ್ಬ ಮನುಷ್ಯ. 2020ರ ಜುಲೈನಲ್ಲಿ ಜಾರಿಯಾದ ಇ-ವಾಣಿಜ್ಯ ಗ್ರಾಹಕ ನಿಯಮಗಳು ಕೇಳುವುದೂ ಹೆಚ್ಚುಕಡಿಮೆ ಇದನ್ನೇ: ಮಾರುವವನ ಹೆಸರು, ವಿಳಾಸ, ವಾಪಸಾತಿಯ ಷರತ್ತು, ದೂರು ಕೇಳುವ ಅಧಿಕಾರಿ. ಒಬ್ಬನೇ ನಡೆಸುವ ವ್ಯಾಪಾರದಲ್ಲಿ ಕಡೆಯುವವನೂ ಅವನೇ, ದೂರು ಕೇಳುವ ಅಧಿಕಾರಿಯೂ ಅವನೇ.

ಈಗ ಮುಖ್ಯ ಗಂಟಿಗೆ ಬರುತ್ತೇನೆ. ಅದು ನಮ್ಮ ಕ್ರಿಯಾಪದದಲ್ಲೇ ಇದೆ. ‘ಮಾಡಿಸು’, ‘ಕಟ್ಟಿಸು’, ‘ಬರೆಸು’. ಒಡವೆ ಮಾಡಿಸಿದೆ, ಮನೆ ಕಟ್ಟಿಸಿದೆ, ಬೋರ್ಡು ಬರೆಸಿದೆ ಎನ್ನುವ ಸಾಲಿನಲ್ಲೇ ವೆಬ್‌ಸೈಟ್ ಮಾಡಿಸಿದೆ ಎನ್ನುತ್ತೇವೆ. ಆ ‘ಇಸು’ ಪ್ರತ್ಯಯ ಬಂದಲ್ಲಿ ಕೆಲಸ ಇನ್ನೊಬ್ಬರದು, ನಮ್ಮದು ದುಡ್ಡು ಕೊಡುವುದು, ಕೊಟ್ಟ ಮೇಲೆ ಕೆಲಸ ಮುಗಿಯಿತು. ಅಂಗಡಿಯ ವಿಷಯದಲ್ಲಿ ಮಾತ್ರ ನಾವು ಹಾಗೆ ಮಾತಾಡುವುದಿಲ್ಲ. ‘ಅಂಗಡಿ ಯಾರು ನೋಡಿಕೊಳ್ತಿದ್ದಾರೆ?’ ಎಂದು ಕೇಳುತ್ತೇವೆ. ವೆಬ್‌ಸೈಟನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಈ ತಾಲ್ಲೂಕುಗಳಲ್ಲಿ ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಫಲವಾಗಿ ಅರ್ಧ ಸತ್ತ ವೆಬ್‌ಸೈಟುಗಳು ತುಂಬಿವೆ. ಮೂರು ವರ್ಷದ ಹಿಂದಿನ ಬೆಲೆ, ಚಾಲ್ತಿಯಲ್ಲಿಲ್ಲದ ಫೋನ್ ನಂಬರ್, ‘ಶೀಘ್ರದಲ್ಲೇ ಬರಲಿದೆ’ ಎಂಬ ಪುಟ. ಬಾಗಿಲು ಹಾಕಿದ ಅಂಗಡಿಯಿಂದ ನಷ್ಟವಿಲ್ಲ. ಬಾಗಿಲು ತೆರೆದಿದ್ದು ಒಳಗೆ ಯಾರೂ ಇಲ್ಲದ ಅಂಗಡಿಯನ್ನು ನೋಡಿದವನು ಮತ್ತೆ ಆ ಬೀದಿಗೆ ಬರುವುದಿಲ್ಲ.

ನೋಡಿಕೊಳ್ಳುವುದೆಂದರೆ ಪ್ರೋಗ್ರಾಮಿಂಗ್ ಕಲಿಯುವುದಲ್ಲ. ಕೇಳಿಕೊಳ್ಳಬೇಕಾದದ್ದು ಇಷ್ಟು:

1. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿ, ಯಾರ ಇಮೇಲಿನಲ್ಲಿ ನೋಂದಣಿಯಾಗಿದೆ? ಡೊಮೇನನ್ನು ಯಾರಿಂದಲೂ ಶಾಶ್ವತವಾಗಿ ಕೊಳ್ಳಲಾಗದು. ಅದು ವರ್ಷದ ಲೆಕ್ಕದ ಗುತ್ತಿಗೆ. ನವೀಕರಿಸದಿದ್ದರೆ ಗಡುವು ಮುಗಿದು, ಬೇರೆ ಯಾರು ಬೇಕಾದರೂ ಹಿಡಿಯಬಹುದು. ಮಾಡಿಕೊಟ್ಟ ಹುಡುಗ ತನ್ನ ಇಮೇಲಿನಲ್ಲಿ ನೋಂದಾಯಿಸಿದ್ದರೆ ಬೋರ್ಡಿನ ಮೇಲೆ ನಿಮ್ಮ ಹೆಸರು, ಪತ್ರದಲ್ಲಿ ಅವನ ಹೆಸರು.

2. ವೆಬ್‌ಸೈಟಿಗೆ ಜಾಗ ಕೊಡುವ ಹೋಸ್ಟಿಂಗ್ ಖಾತೆ, ಪಾವತಿ ಖಾತೆ, ಗೂಗಲ್ ನಕ್ಷೆಯ ಪುಟ, ಇವುಗಳ ಒಟಿಪಿ ಯಾರ ಫೋನಿಗೆ ಬರುತ್ತದೆ?

3. ಮಾಡಿಕೊಟ್ಟವನು ನಾಳೆ ಹೈದರಾಬಾದಿನ ಕೆಲಸಕ್ಕೆ ಹೊರಟರೆ, ಒಂದು ಬೆಲೆಯನ್ನು ತಿದ್ದಲು ನಿಮಗೆ ಆಗುತ್ತದೆಯೇ?

ಮೂರನೆಯದು ಕಲ್ಪನೆಯ ಭಯವಲ್ಲ. ಈ ಜಿಲ್ಲೆಗೆ ಅದು ಕಣ್ಣೆದುರಿನ ಪರೀಕ್ಷೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರಿಡಲು ಸಚಿವ ಸಂಪುಟ ತೀರ್ಮಾನಿಸಿತು. ಕನಕಪುರ ತಾಲ್ಲೂಕಿನಲ್ಲಿದ್ದ ಮರಳವಾಡಿ ಹೋಬಳಿ ಹಾರೋಹಳ್ಳಿ ತಾಲ್ಲೂಕಿಗೆ ಸೇರಿತು. ಅಂದರೆ ಎರಡು ದಶಕದೊಳಗೆ ಮರಳವಾಡಿಯ ಒಂದು ಅಂಗಡಿ ಇದ್ದಲ್ಲೇ ಇದ್ದು, ಅದರ ವಿಳಾಸದಲ್ಲಿ ತಾಲ್ಲೂಕೂ ಬದಲಾಯಿತು, ಜಿಲ್ಲೆಯೂ ಎರಡು ಸಲ ಬದಲಾಯಿತು. (ಊರ ಹೆಸರಿನ ಮಟ್ಟಿಗೆ ರಾಮನಗರಕ್ಕೆ ಇದು ಹೊಸದೇನಲ್ಲ, ಶಂಸೇರಾಬಾದ್, ಕ್ಲೋಸ್‌ಪೇಟೆ ಎಲ್ಲವನ್ನೂ ದಾಟಿ ಬಂದದ್ದು.) ಬೋರ್ಡಿನಲ್ಲಾದರೆ ಪೇಂಟರನ್ನು ಕರೆಸಿ ಒಂದು ಸಾಲು ಅಳಿಸಿ ಬರೆಸಿದರಾಯಿತು. ವೆಬ್‌ಸೈಟಿನಲ್ಲಿ ಅದು ಐದು ನಿಮಿಷದ ಕೆಲಸ, ಬೀಗದ ಕೈ ನಿಮ್ಮ ಹತ್ತಿರ ಇದ್ದರೆ. ಇಲ್ಲದಿದ್ದರೆ ಅದು ಆಗದ ಕೆಲಸ. ಇಂಗ್ಲಿಷಿನಲ್ಲಿ ಊರ ಹೆಸರು ಬರೆಯುವ ರಗಳೆ ಬೇರೆ. ಮರಳವಾಡಿಯ ‘ವಾ’ಗೆ ಒಬ್ಬರು ‘ವಿ’ ಅಕ್ಷರ ಹಾಕಿದರೆ ಇನ್ನೊಬ್ಬರು ‘ಡಬ್ಲ್ಯು’. ಚನ್ನಪಟ್ಟಣವನ್ನು ಬರೆಯುವ ಬಗೆ ನಾಲ್ಕೈದು. ಗಿರಾಕಿ ಯಾವುದನ್ನು ಒತ್ತಿ ಹುಡುಕುತ್ತಾನೋ ಅದು ಪುಟದಲ್ಲಿರಬೇಕು, ಕನ್ನಡದಲ್ಲೂ ಇರಬೇಕು. ಇದನ್ನು ಬೆಂಗಳೂರಿನ ಡಿಸೈನರ್‌ಗಿಂತ ಕೌಂಟರಿನಲ್ಲಿ ಕೂತು ಫೋನ್ ಎತ್ತುವವರು ಚೆನ್ನಾಗಿ ಬಲ್ಲರು.

ಹಾಗಾದರೆ ವೆಬ್‌ಸೈಟೇ ಬೇಡ, ವಾಟ್ಸ್‌ಆ್ಯಪ್ ಬಿಸಿನೆಸ್, ಇನ್‌ಸ್ಟಾಗ್ರಾಮ್ ಸಾಕು ಎನ್ನುವವರಿದ್ದಾರೆ. ನನಗೆ ಇದು ಅರ್ಧ ಒಪ್ಪಿಗೆ. ಸುತ್ತಮುತ್ತಲ ಹತ್ತು ಹಳ್ಳಿಯ ಗಿರಾಕಿಗಳಿರುವ ಟೈಲರಿಗೆ, ಹಾರ್ಡ್‌ವೇರ್ ಅಂಗಡಿಗೆ ವಾಟ್ಸ್‌ಆ್ಯಪ್ ಕ್ಯಾಟಲಾಗೂ ಗೂಗಲ್ ನಕ್ಷೆಯಲ್ಲಿ ಸರಿಯಾದ ಗುರುತೂ ಇದ್ದರೆ ಸಾಕು. ಅವರಿಗೆ ವೆಬ್‌ಸೈಟ್ ಮಾರುವುದು ಮೋಸಕ್ಕೆ ಹತ್ತಿರದ ವಿಷಯ. ಆದರೆ ‘ಅವೇ ಸಾಕು’ ಎನ್ನುವುದರಲ್ಲಿ ಒಂದು ಅಪಾಯ ಅಡಗಿದೆ. ಗೂಗಲ್ ತನ್ನ ವ್ಯಾಪಾರ ಪುಟದ ಜೊತೆಗೆ ಸಣ್ಣ ಅಂಗಡಿಗಳಿಗೆ ಬಿಟ್ಟಿ ವೆಬ್‌ಸೈಟ್ ಕೊಡುತ್ತಿತ್ತು, ನಮ್ಮ ದೇಶದ ಎಷ್ಟೋ ಅಂಗಡಿಗಳು ಅದನ್ನೇ ತಮ್ಮ ವಿಳಾಸವೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವು. 2024ರ ಮಾರ್ಚಿನಲ್ಲಿ ಗೂಗಲ್ ಅವನ್ನೆಲ್ಲ ಮುಚ್ಚಿತು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಗಿರಾಕಿಗಳನ್ನು ಗಳಿಸಿದ್ದವರು ಒಂದೇ ರಾತ್ರಿಯಲ್ಲಿ ಬರಿಗೈಯಾದರು. ತಪ್ಪು ಯಾರದೆಂಬ ಚರ್ಚೆ ಬೇರೆ. ಬಾಡಿಗೆ ಜಾಗದಲ್ಲಿ ವ್ಯಾಪಾರ ಮಾಡುವುದು ತಪ್ಪಲ್ಲ, ನಮ್ಮ ಪೇಟೆಗಳಲ್ಲಿ ಬಹುಪಾಲು ಅಂಗಡಿಗಳು ಬಾಡಿಗೆಯವೇ. ಜಾಗ ಬದಲಾದರೂ ಗಿರಾಕಿ ಹುಡುಕಿಕೊಂಡು ಬರುವಂಥ ಒಂದು ಹೆಸರು ಮಾತ್ರ ನಿಮ್ಮ ಕೈಯಲ್ಲಿರಬೇಕು. ಡೊಮೇನ್ ಹೆಸರಿನ ಬೆಲೆ ಇರುವುದು ಅಲ್ಲಿ. ಅದನ್ನು ನೋಂದಾಯಿಸಿ, ಇವತ್ತಿಗೆ ವಾಟ್ಸ್‌ಆ್ಯಪಿಗೋ ಇನ್‌ಸ್ಟಾಗ್ರಾಮಿಗೋ ತಿರುಗಿಸಿಟ್ಟು, ನಾಳೆ ಬೇಕಾದಾಗ ಪುಟ ಕಟ್ಟಿಕೊಳ್ಳಬಹುದು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಖರ್ಚು.

ಇನ್ನೊಂದು ಆಕ್ಷೇಪ ಹೊಸದು: ಈಗ ಕೃತಕ ಬುದ್ಧಿಮತ್ತೆಯ ಉಪಕರಣಗಳು ಮಾತಿನಲ್ಲಿ ಹೇಳಿದರೆ ಗಳಿಗೆಯಲ್ಲಿ ವೆಬ್‌ಸೈಟ್ ಕಟ್ಟಿಕೊಡುತ್ತವಲ್ಲ, ಕಲಿಯುವುದೇನಿದೆ? ಕಟ್ಟುವುದು ಇಷ್ಟು ಸುಲಭವಾಯಿತೆಂದರೆ ಕಷ್ಟ ಕಟ್ಟುವುದರಲ್ಲಿ ಇರಲಿಲ್ಲವೆಂದೇ ಅರ್ಥ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಎಂಬ ಬಿಟ್ಟಿ ತಂತ್ರಾಂಶದಿಂದಲೇ ಕಟ್ಟುವ ಖರ್ಚು ಕರಗತೊಡಗಿತ್ತು, ಸತ್ತ ವೆಬ್‌ಸೈಟುಗಳ ಸಂಖ್ಯೆ ಕರಗಲಿಲ್ಲ. ಬೊಂಬೆಯ ಅಳತೆ, ಅದು ಯಾವ ವಯಸ್ಸಿನ ಮಗುವಿಗೆ, ಅರಗಿಗೆ ಬೆರೆಸಿದ ಬಣ್ಣ ಯಾವುದು, ಈ ವಾರ ಎಷ್ಟು ಸಿದ್ಧವಿದೆ ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಕೇಳಿದರೆ ಸುಂದರವಾಗಿ ಊಹಿಸಿ ಬರೆಯುತ್ತದೆ, ಅದು ಇನ್ನೂ ಕಷ್ಟ.

ಕಡೆಯ ಆಕ್ಷೇಪವನ್ನು ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ, ಅಂಗಡಿಯಲ್ಲಿ ಮೆಲ್ಲಗೆ ಹೇಳುತ್ತಾರೆ: ಕಣ್ಣಿಗೆ ಬಿದ್ದರೆ ತೆರಿಗೆಯವರ ಕಣ್ಣಿಗೂ ಬೀಳುತ್ತೇವೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೇಕರಿ, ಕಾಂಡಿಮೆಂಟ್ಸ್‌ಗಳು ಕ್ಯೂಆರ್ ಹಾಳೆ ಹರಿದು ‘ನಗದು ಮಾತ್ರ’ ಎಂದು ಬರೆದದ್ದು ಇನ್ನೂ ಮರೆತಿಲ್ಲ. ಈ ಭಯವನ್ನು ಹಗುರ ಮಾಡಿ ಮಾತಾಡುವ ತರಬೇತುದಾರರ ಮೇಲೆ ನನಗೆ ವಿಶ್ವಾಸವಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆಗೆ 20 ಲಕ್ಷ. ಹೊರರಾಜ್ಯಕ್ಕೆ ಕಳಿಸಿದರೆ ನಿಯಮ ಬೇರೆ, ಕರಕುಶಲ ವಸ್ತುಗಳಿಗೆ ವಿನಾಯಿತಿಗಳೂ ಇವೆ. ವೆಬ್‌ಸೈಟೆಂದರೆ ಗಡಿಯಾಚೆಯ ಗಿರಾಕಿ ಎಂದೇ ಅರ್ಥವಾದ್ದರಿಂದ ಮೊದಲ ಪಾರ್ಸೆಲ್ ಚೆನ್ನೈಗೋ ಪುಣೆಗೋ ಹೋಗುವ ಮುನ್ನವೇ ಇದನ್ನು ಲೆಕ್ಕ ಬರೆಯುವವರ ಹತ್ತಿರ ಕೂತು ಬಗೆಹರಿಸಿಕೊಳ್ಳಬೇಕು. ಲೆಕ್ಕ ತೋರಿಸಲು ಸಿದ್ಧವಿಲ್ಲದವನು ವೆಬ್‌ಸೈಟ್ ಮಾಡಿಸದಿರುವುದೇ ಅವನ ಮಟ್ಟಿಗೆ ಸುಸಂಗತ ನಿಲುವು.

ಕುಶಲಕರ್ಮಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಮಾತು ನಿಜ. ಲೇತು ಬಿಟ್ಟು ಅವನು ಪಾಸ್‌ವರ್ಡ್ ಹಿಡಿದು ಕೂರಬೇಕಿಲ್ಲ. ಐದಾರು ಮನೆಗಳು ಸೇರಿ ಒಂದು ವೆಬ್‌ಸೈಟ್ ಇಟ್ಟು, ಒಂದು ಮನೆಯ ಓದಿದ ಹೆಣ್ಣುಮಗಳಿಗೆ ಸಂಬಳ ಕೊಟ್ಟು ನೋಡಿಕೊಳ್ಳುವಂತೆ ಮಾಡಬಹುದು. ಆಗ ಅವಳೇ ಹೊಸ ಮಧ್ಯವರ್ತಿಯಾಗುತ್ತಾಳೆ. ಆಗಲಿ. ಅವಳ ಸಂಬಳ ಎಷ್ಟೆಂದು ಎಲ್ಲರಿಗೂ ಗೊತ್ತಿರುತ್ತದೆ, ಖಾತೆ ಎಲ್ಲರ ಹೆಸರಿನಲ್ಲಿರುತ್ತದೆ, ಹಳಬನಿಗೂ ಅವಳಿಗೂ ಇರುವ ವ್ಯತ್ಯಾಸ ಅಷ್ಟೇ. ‘ಇಷ್ಟು ಜನರಿಗೆ ವೆಬ್‌ಸೈಟ್ ಮಾಡಿಸಿಕೊಟ್ಟೆವು’ ಎಂದು ವರದಿ ಬರೆಯುವ ಶಿಬಿರಗಳು ಎರಡು ವರ್ಷ ಬಿಟ್ಟು ಅದೇ ಪಟ್ಟಿ ಹಿಡಿದು ಬರಲಿ. ಪ್ರತಿ ಅಂಗಡಿಯ ಮಾಲೀಕನ ಕೈಗೆ ಅವನದೇ ಫೋನ್ ಕೊಟ್ಟು, ‘ಜಿಲ್ಲೆಯ ಹೆಸರು ಬದಲಾಗಿದೆಯಂತೆ, ನಿಮ್ಮ ಪುಟದಲ್ಲಿ ತಿದ್ದಿ ನೋಡೋಣ’ ಎನ್ನಲಿ. ಎಷ್ಟು ಜನ ತಿದ್ದಿದರೋ ಅಷ್ಟು ವೆಬ್‌ಸೈಟುಗಳನ್ನು ವರದಿಯಲ್ಲಿ ಉಳಿಸಿಕೊಳ್ಳಲಿ.